ಪ್ರೊಸ್ಟಗ್ಲಾಂಡಿನ್ ವಿಷವಲ್ಲ, ಸಂಪಾದಕರೇ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಮಂಡಿನೋವಿನ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿಯೇ ಇತ್ತು. ವ್ಯಾಯಾಮದ ಭಾಗವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆದರೆ ನಡುವೆ ಒಂದು ಚೌಕಟ್ಟು ಹಾಕಿದ್ದಿರಲ್ಲ, ಅದು ಹಿಡಿಸಲಿಲ್ಲ. ಪ್ರೊಸ್ಟಗ್ಲಾಂಡಿನ್ ಎಂಬುದು ನೋವು ಹುಟ್ಟಿಸುವ ವಿಷ, ಅದನ್ನು ಅಡಗಿಸಿದರೆ ಅರ್ಧ ಕಾಯಿಲೆ ವಾಸಿಯಾದಂತೆ ಎಂಬ ಅರ್ಥದಲ್ಲಿ ಬರೆದಿದ್ದರು. ನಾನು ಡಾಕ್ಟರಲ್ಲ. ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಆ 'ವಿಷ'ವನ್ನೇ ಸಿರಿಂಜ್ ಪಂಪಿಗೆ ತುಂಬಿ, ಹುಟ್ಟಿ ಒಂದು ದಿನವೂ ಆಗದ ಮಕ್ಕಳ ರಕ್ತನಾಳಕ್ಕೆ ಹರಿಸಿದ್ದೇನೆ. ಅವರ ಜೀವ ಉಳಿಸಲಿಕ್ಕೆ.

ಮೊದಲು ಅದು ಏನು ಎಂದು ಹೇಳಿಬಿಡುತ್ತೇನೆ. ಅದು ಹೊರಗಿನಿಂದ ಬಂದದ್ದಲ್ಲ. ಮೈಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಬಗೆಯ ಜೀವಕೋಶಗಳೂ ಅದನ್ನು ತಯಾರಿಸುತ್ತವೆ. ಜೀವಕೋಶದ ಪೊರೆಯಲ್ಲಿ ಅರಾಕಿಡೋನಿಕ್ ಆಮ್ಲ ಎಂಬ ಕೊಬ್ಬಿನ ಆಮ್ಲ ಸೇರಿಕೊಂಡಿರುತ್ತದೆ. ಪೆಟ್ಟು ಬಿದ್ದಾಗಲೋ, ಸೋಂಕು ತಗುಲಿದಾಗಲೋ, ಹಾರ್ಮೋನಿನ ಸೂಚನೆ ಬಂದಾಗಲೋ ಒಂದು ಕಿಣ್ವ ಅದನ್ನು ಪೊರೆಯಿಂದ ಬಿಡಿಸುತ್ತದೆ. ಆಮೇಲೆ ಸೈಕ್ಲೋಆಕ್ಸಿಜಿನೇಸ್, ಚಿಕ್ಕದಾಗಿ ಕಾಕ್ಸ್ ಎಂಬ ಇನ್ನೊಂದು ಕಿಣ್ವ ಅದನ್ನು ಹಿಡಿದು ರೂಪ ಬದಲಿಸುತ್ತದೆ. ಅಲ್ಲಿಂದ ಮುಂದೆ ಯಾವ ಪ್ರೊಸ್ಟಗ್ಲಾಂಡಿನ್ ಹುಟ್ಟುತ್ತದೆ ಎನ್ನುವುದು ಆ ಜಾಗದ ಜೀವಕೋಶದ ಮೇಲೆ ನಿಂತಿದೆ. ಇನ್ಸುಲಿನ್‌ನಂಥ ಹಾರ್ಮೋನು ದೂರದೂರಿಗೆ ಅಂಚೆಯಲ್ಲಿ ಕಳಿಸಿದ ಕಾಗದವಾದರೆ, ಪ್ರೊಸ್ಟಗ್ಲಾಂಡಿನ್ ಗೋಡೆಯಾಚೆಯ ಮನೆಗೆ ಕೂಗಿ ಹೇಳಿದ ಮಾತು. ಹುಟ್ಟಿದ ಜಾಗದ ಅಕ್ಕಪಕ್ಕದಲ್ಲೇ ಕೆಲಸ ಮಾಡಿ, ಸೆಕೆಂಡುಗಳಲ್ಲೋ ನಿಮಿಷಗಳಲ್ಲೋ ಇಲ್ಲವಾಗುತ್ತದೆ. ಹಾಗಾಗಿಯೇ ಒಂದು ಅಂಗದಲ್ಲಿ ಅದು ಮಾಡುವ ಕೆಲಸಕ್ಕೂ ಇನ್ನೊಂದು ಅಂಗದಲ್ಲಿ ಮಾಡುವ ಕೆಲಸಕ್ಕೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ.

ಈಗ ನನ್ನ ವಾರ್ಡಿನ ವಿಷಯಕ್ಕೆ ಬರುತ್ತೇನೆ.

ಹೊಟ್ಟೆಯಲ್ಲಿರುವ ಮಗು ಗಾಳಿಯಿಂದ ಆಮ್ಲಜನಕ ಪಡೆಯುವುದಿಲ್ಲ ಅಲ್ವಾ? ಅದರ ಶ್ವಾಸಕೋಶದಲ್ಲಿ ದ್ರವ ತುಂಬಿರುತ್ತದೆ. ಆಮ್ಲಜನಕ ಮಾಸಿನ ಮೂಲಕ ತಾಯಿಯಿಂದ ಬರುತ್ತದೆ. ಹೃದಯದ ಬಲಭಾಗದಿಂದ ಹೊರಟ ರಕ್ತವೆಲ್ಲ ಶ್ವಾಸಕೋಶಕ್ಕೆ ಹೋಗಿ ಮಾಡುವುದೇನೂ ಇಲ್ಲ. ಅದಕ್ಕೇ ಶ್ವಾಸಕೋಶದ ಕಡೆ ಹೋಗುವ ನಾಳಕ್ಕೂ ಮೈಗೆ ರಕ್ತ ಒಯ್ಯುವ ಮಹಾಧಮನಿಗೂ ನಡುವೆ ಒಂದು ಅಡ್ಡನಾಳ ಇರುತ್ತದೆ. ಡಕ್ಟಸ್ ಆರ್ಟೀರಿಯೋಸಸ್ ಎಂದು ಅದರ ಹೆಸರು. ನಾವು ಬರೀ ಡಕ್ಟಸ್ ಅನ್ನುತ್ತಿದ್ದೆವು. ಅದರ ಗೋಡೆಯ ಸ್ನಾಯು ಬಿಗಿಯಾಗದಂತೆ ಸಡಿಲವಾಗಿ ಇಡುವುದರಲ್ಲಿ ಪ್ರೊಸ್ಟಗ್ಲಾಂಡಿನ್ ಇ2 ಎಂಬ ಬಗೆ ದೊಡ್ಡ ಪಾಲು ವಹಿಸುತ್ತದೆ. ಮಾಸು ಅದನ್ನು ಧಾರಾಳವಾಗಿ ಪೂರೈಸುತ್ತದೆ.

ಮಗು ಹುಟ್ಟಿ ಅತ್ತ ಕೂಡಲೇ ಎಲ್ಲ ಬದಲಾಗುತ್ತದೆ. ಮಾಸು ಬೇರೆಯಾಯಿತು, ಪೂರೈಕೆ ನಿಂತಿತು. ಶ್ವಾಸಕೋಶಕ್ಕೆ ರಕ್ತ ನುಗ್ಗಿತು. ಪ್ರೊಸ್ಟಗ್ಲಾಂಡಿನ್ ಇ2ವನ್ನು ಒಂದೇ ಸುತ್ತಿನಲ್ಲಿ ಬಹುಪಾಲು ನಿಷ್ಕ್ರಿಯಗೊಳಿಸುವ ಶಕ್ತಿ ಶ್ವಾಸಕೋಶಕ್ಕಿದೆ. ರಕ್ತದಲ್ಲಿ ಆಮ್ಲಜನಕವೂ ಏರಿತು. ಅಡ್ಡನಾಳ ಬಿಗಿದುಕೊಂಡು, ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಎರಡು ಮೂರು ದಿನದೊಳಗೆ ಮುಚ್ಚಿಕೊಳ್ಳುತ್ತದೆ. ತಾಯಿ ತಂದೆಗೆ ಇದರ ಸುಳಿವೂ ಸಿಗುವುದಿಲ್ಲ.

ಕೆಲವು ಮಕ್ಕಳಿಗೆ ಮಾತ್ರ ಆ ಮುಚ್ಚುವಿಕೆಯೇ ಕುತ್ತು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯೇ ಬೆಳೆಯದ ಮಗು ಇರುತ್ತದೆ. ಎಡಭಾಗದ ಹೃದಯ ಬೆಳೆಯದ ಮಗು ಇರುತ್ತದೆ. ಎರಡು ದೊಡ್ಡ ನಾಳಗಳು ಅದಲುಬದಲಾಗಿ ಹುಟ್ಟಿದ ಮಗು ಇರುತ್ತದೆ. ಇಂಥವರಿಗೆ ಅಡ್ಡನಾಳ ತೆರೆದಿರುವಷ್ಟು ಹೊತ್ತು ಉಸಿರು. ಹುಟ್ಟಿದಾಗ ಗುಂಡುಗುಂಡಾಗಿ ಚೆನ್ನಾಗಿಯೇ ಇರುತ್ತವೆ. ನಾಳ ಕಿರಿದಾಗುತ್ತಾ ಬಂದಂತೆ ತುಟಿ ನೀಲಿಯಾಗುತ್ತದೆ, ಇಲ್ಲವೇ ಮೈ ತಣ್ಣಗಾಗಿ ನಾಡಿ ಸಿಗದಂತಾಗುತ್ತದೆ. ಆಗ ಪ್ರೊಸ್ಟಗ್ಲಾಂಡಿನ್ ಇ1 ಡ್ರಿಪ್ ಶುರು. ಔಷಧಿಯ ಹೆಸರು ಆಲ್ಪ್ರೊಸ್ಟಾಡಿಲ್. ನೀಲಿಗಟ್ಟಿದ ಮಕ್ಕಳಲ್ಲಿ ಇದು ಕೆಲಸ ಮಾಡುತ್ತದೆ ಎಂದು 1975ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಶಸ್ತ್ರಚಿಕಿತ್ಸೆಯ ತನಕ ಉಳಿಸಿಕೊಳ್ಳುವುದೇ ಕಷ್ಟವಾಗಿತ್ತು. ಕೊಡುವ ಪ್ರಮಾಣವೋ, ಕಿಲೋ ತೂಕಕ್ಕೆ ನಿಮಿಷಕ್ಕೆ ಮೈಕ್ರೋಗ್ರಾಂನ ಹತ್ತನೇ ಒಂದು ಪಾಲು, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ. ಒಬ್ಬರು ಹಾಕಿದ ಲೆಕ್ಕವನ್ನು ಇನ್ನೊಬ್ಬರು ನೋಡದೆ ಪಂಪು ಚಾಲೂ ಮಾಡುವಂತಿರಲಿಲ್ಲ. ಡ್ರಿಪ್ ನಿಂತರೆ ಕೆಲವೇ ನಿಮಿಷದಲ್ಲಿ ಔಷಧಿಯ ಬಲ ಹೋಗುತ್ತದೆ. ಹಾಗಾಗಿ ಆ ಸೂಜಿ ಜರುಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ.

ಪಕ್ಕದ ಇನ್‌ಕ್ಯುಬೇಟರಿನಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ, ಒಂದು ಕಿಲೋ ಕೂಡ ಇಲ್ಲದ ಮಗು ಇರುತ್ತಿತ್ತು. ಅದರ ಕಷ್ಟ ತದ್ವಿರುದ್ಧ. ಅಡ್ಡನಾಳ ಮುಚ್ಚುತ್ತಲೇ ಇಲ್ಲ. ರಕ್ತ ಶ್ವಾಸಕೋಶಕ್ಕೆ ಜಾಸ್ತಿ ನುಗ್ಗಿ ವೆಂಟಿಲೇಟರ್ ಬಿಡಿಸಲು ಆಗುತ್ತಿಲ್ಲ. ಅದಕ್ಕೆ ಇಂಡೊಮೆಥಸಿನ್ ಅಥವಾ ಐಬುಪ್ರೊಫೆನ್. ನಿಮ್ಮ ಲೇಖನದಲ್ಲಿ ಮಂಡಿಗೆ ಹೇಳಿದ ನೋವಿನ ಮಾತ್ರೆಗಳ ಜಾತಿಯದೇ. ಕಾಕ್ಸ್ ಕಿಣ್ವವನ್ನು ತಡೆದು ಪ್ರೊಸ್ಟಗ್ಲಾಂಡಿನ್ ಕಡಿಮೆ ಮಾಡಿದರೆ ನಾಳ ಮುಚ್ಚಿಕೊಳ್ಳುತ್ತದೆ. ಈ ಚಿಕಿತ್ಸೆ ಪ್ರಕಟವಾದದ್ದು 1976ರಲ್ಲಿ. ಈಗ ಎಲ್ಲ ಮಕ್ಕಳಿಗೂ ಇದನ್ನು ಕೊಡುವುದಿಲ್ಲ, ಎಷ್ಟೋ ಸಲ ಕಾದು ನೋಡುತ್ತಾರೆ. ಆದರೆ ನಾನು ಒಂದೇ ಪಾಳಿಯಲ್ಲಿ ಒಂದು ಮಗುವಿಗೆ ಪ್ರೊಸ್ಟಗ್ಲಾಂಡಿನ್ ಹರಿಸಿ, ಅದರ ಪಕ್ಕದ ಮಗುವಿಗೆ ಅದನ್ನು ಅಡಗಿಸುವ ಔಷಧಿ ಕೊಟ್ಟದ್ದುಂಟು. ಅದಕ್ಕೇ ನಿಮ್ಮ ಚೌಕಟ್ಟಿನ ಮಾತು ಅಷ್ಟು ಚುಚ್ಚಿದ್ದು.

ಆ ಎರಡು ಮಕ್ಕಳ ಆರೈಕೆ ಮಾಡಿದವರಿಗೆ ಪ್ರೊಸ್ಟಗ್ಲಾಂಡಿನ್‌ನ ಉಳಿದ ಕೆಲಸಗಳನ್ನು ಯಾರೂ ಪಾಠ ಹೇಳಬೇಕಾಗಿಲ್ಲ. ಡ್ರಿಪ್ ಹಾಕಿದ ಮಗುವಿಗೆ ಕೆಲವು ಸಲ ಜ್ವರ ಬರುತ್ತಿತ್ತು. ಹೊಸಬರು ಸೋಂಕು ಎಂದು ಗಾಬರಿಯಾಗುತ್ತಿದ್ದರು. ಸೋಂಕನ್ನೂ ನೋಡಬೇಕು ನಿಜ, ಆದರೆ ಜ್ವರಕ್ಕೆ ಔಷಧಿಯೇ ಕಾರಣ ಇರಬಹುದು. ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ಮೈಯ ಬಿಸಿಯ ಮಟ್ಟವನ್ನು ಏರಿಸುವುದು ಪ್ರೊಸ್ಟಗ್ಲಾಂಡಿನ್ ಇ2. ನಮಗೆ ನಿಮಗೆ ಜ್ವರ ಬರುವುದೂ ಅದರಿಂದಲೇ. ಮೈ ಕೆಂಪಾಗುತ್ತಿತ್ತು, ಏಕೆಂದರೆ ಚರ್ಮದ ರಕ್ತನಾಳ ಅಗಲವಾಗುತ್ತಿತ್ತು. ಕೆಲವು ಮಕ್ಕಳು ಉಸಿರಾಡುವುದನ್ನೇ ಮರೆತುಬಿಡುತ್ತಿದ್ದವು. ಅದಕ್ಕೇ ಆ ಮಗುವಿನ ಪಕ್ಕದಲ್ಲಿ ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಯಾವಾಗಲೂ ಸಿದ್ಧ.

ಇಂಡೊಮೆಥಸಿನ್ ಕೊಟ್ಟ ಮಗುವಿನದು ಬೇರೆ ಚಿಂತೆ. ಡಯಾಪರ್ ತೂಗುವುದು. ಒಣ ಡಯಾಪರಿನ ತೂಕ ಬರೆದಿಟ್ಟುಕೊಂಡು, ಒದ್ದೆಯಾದ ಮೇಲೆ ಮತ್ತೆ ತೂಗಿ, ಎಷ್ಟು ಮೂತ್ರ ಬಂತು ಎಂದು ಲೆಕ್ಕ ಹಾಕುತ್ತಿದ್ದೆವು. ಔಷಧಿ ಕೊಟ್ಟ ಮೇಲೆ ಆ ಅಂಕಿ ಇಳಿಯುತ್ತಿತ್ತು. ತೀರಾ ಇಳಿದರೆ ಮುಂದಿನ ಡೋಸ್ ನಿಲ್ಲಿಸಿ ಡಾಕ್ಟರಿಗೆ ಫೋನು. ಕಿಡ್ನಿಗೆ ರಕ್ತ ಒಯ್ಯುವ ಪುಟ್ಟ ನಾಳಗಳನ್ನು ಅಗಲವಾಗಿ ಇಡುವುದರಲ್ಲಿ ಪ್ರೊಸ್ಟಗ್ಲಾಂಡಿನ್‌ನ ಕೈ ಇದೆ. ಅದನ್ನು ತಡೆದರೆ ಸೋಸುವಿಕೆ ಕುಗ್ಗುತ್ತದೆ.

ದೊಡ್ಡವರ ಡಯಾಪರ್ ಯಾರು ತೂಗುತ್ತಾರೆ ಹೇಳಿ? ನಮ್ಮ ಭಾವನ ವಿಷಯ ಹೇಳುತ್ತೇನೆ. ರಕ್ತದೊತ್ತಡಕ್ಕೆ ಒಂದು ಮಾತ್ರೆ, ಕಾಲಿನ ಊತಕ್ಕೆ ಮೂತ್ರ ಹೋಗಿಸುವ ಇನ್ನೊಂದು ಮಾತ್ರೆ ನುಂಗುತ್ತಿದ್ದರು. ಮಂಡಿನೋವು ಜಾಸ್ತಿಯಾದಾಗ ಯಾರನ್ನೂ ಕೇಳದೆ ನೋವಿನ ಮಾತ್ರೆ ಶುರುಮಾಡಿಕೊಂಡರು. ನೋವು ಇಳಿಯಿತು, ಖುಷಿಯಾದರು, ಮುಂದುವರಿಸಿದರು. ಆಮೇಲೆ ಸುಸ್ತು, ಮುಖ ಊದಿಕೊಂಡಿತು, ರಕ್ತ ಪರೀಕ್ಷೆಯಲ್ಲಿ, ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಏರಿತ್ತು. ಆ ಮೂರು ಮಾತ್ರೆಗಳು ಒಟ್ಟಾದರೆ ಏನಾಗುತ್ತದೆ ನೋಡಿ. ಮೂತ್ರದ ಮಾತ್ರೆ ಮೈಯ ನೀರು ಕಡಿಮೆ ಮಾಡುತ್ತದೆ. ಒತ್ತಡದ ಮಾತ್ರೆಗಳಲ್ಲಿ ಒಂದು ಗುಂಪು ಕಿಡ್ನಿಯ ಸೋಸುಗದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ. ಒಳಬರುವ ನಾಳವನ್ನು ತೆರೆದಿಡಲು ಉಳಿದಿದ್ದದ್ದು ಪ್ರೊಸ್ಟಗ್ಲಾಂಡಿನ್. ನೋವಿನ ಮಾತ್ರೆ ಅದನ್ನೂ ಕಿತ್ತುಕೊಂಡಿತು. ಮೂರೂ ಬೇರೆ ಬೇರೆಯಾಗಿ ಒಳ್ಳೆಯ ಔಷಧಿಗಳೇ. ಭಾವನ ಪುಣ್ಯ, ಬೇಗ ಗೊತ್ತಾಗಿ ನಿಲ್ಲಿಸಿದರು, ಕಿಡ್ನಿ ಚೇತರಿಸಿಕೊಂಡಿತು. ಮಂಡಿನೋವು ಇರುವವರಲ್ಲಿ ವಯಸ್ಸಾದವರೇ ಹೆಚ್ಚು, ಅವರಲ್ಲಿ ಒತ್ತಡದ ಮಾತ್ರೆ ನುಂಗುವವರೂ ಹೆಚ್ಚು. ನಿಮ್ಮ ಲೇಖನ ಓದುವವರೂ ಅವರೇ. ಅದರಲ್ಲಿ ಕಿಡ್ನಿಯ ಹೆಸರೇ ಇರಲಿಲ್ಲ.

ಹೊಟ್ಟೆಯ ಹುಣ್ಣಿನ ಬಗ್ಗೆ ಒಂದು ಸಾಲು ಇತ್ತು, 'ಊಟದ ನಂತರ ತೆಗೆದುಕೊಳ್ಳಿ' ಎಂದು. ಅದರಿಂದ ಹೊಟ್ಟೆ ಕಿವುಚುವುದು ತುಸು ಕಡಿಮೆಯಾಗಬಹುದು. ಆದರೆ ಹುಣ್ಣಿಗೆ ಮುಖ್ಯ ಕಾರಣ ಮಾತ್ರೆ ಹೊಟ್ಟೆಯ ಗೋಡೆಗೆ ತಾಗುವುದಲ್ಲ. ಹೊಟ್ಟೆಯ ಒಳಪದರದ ಮೇಲೆ ಲೋಳೆ ಸುರಿಸುವುದು, ಆಮ್ಲವನ್ನು ಹದ್ದುಬಸ್ತಿನಲ್ಲಿಡುವುದು, ಆ ಪದರಕ್ಕೆ ರಕ್ತ ಹರಿಸುವುದು, ಇವೆಲ್ಲ ಪ್ರೊಸ್ಟಗ್ಲಾಂಡಿನ್ ಮಾಡಿಸುವ ಕೆಲಸ. ಮಾತ್ರೆ ರಕ್ತಕ್ಕೆ ಸೇರಿದ ಮೇಲೂ ಆ ರಕ್ಷಣೆ ಕುಗ್ಗುತ್ತದೆ. ಇಂಜೆಕ್ಷನ್ ತೆಗೆದುಕೊಂಡರೂ ಹುಣ್ಣಾಗಬಹುದು ಎನ್ನುವುದು ಎಷ್ಟು ಜನಕ್ಕೆ ಗೊತ್ತು?

ಹಾಗಾದರೆ ನೋವಿಗೂ ಇದಕ್ಕೂ ಸಂಬಂಧ ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಪ್ರೊಸ್ಟಗ್ಲಾಂಡಿನ್ ತಾನೇ ನೋವು ಹುಟ್ಟಿಸುವುದಕ್ಕಿಂತ ನರದ ತುದಿಯನ್ನು ಸೂಕ್ಷ್ಮ ಮಾಡುವುದು ಜಾಸ್ತಿ. ಬಿಸಿಲಿಗೆ ಸುಟ್ಟ ಬೆನ್ನಿಗೆ ಅಂಗಿ ತಾಗಿದರೂ ಉರಿಯುತ್ತದಲ್ಲ, ಅದು ಇದರ ಕೆಲಸ. ಏಟಾದ ಜಾಗವನ್ನು ಮುಟ್ಟದಂತೆ, ಅಲ್ಲಾಡಿಸದಂತೆ ನೋಡಿಕೊಳ್ಳುವುದು. ಅತಿಯಾದಾಗ, ತಿಂಗಳುಗಟ್ಟಲೆ ಬಿಡದೆ ಕಾಡಿದಾಗ ಅದನ್ನು ತಗ್ಗಿಸಲೇಬೇಕು. ನೋವಿನ ಮಾತ್ರೆ ಬೇಡವೆಂದು ಹೇಳಲು ನಾನು ಈ ಕಾಗದ ಬರೆಯುತ್ತಿಲ್ಲ. ನೋವು ಸಹಿಸಿಕೊಂಡು ಬಿದ್ದಿರಿ ಎನ್ನುವವರನ್ನು ಕಂಡರೆ ನನಗೆ ಕೋಪವೇ ಬರುತ್ತದೆ.

ಆ ಕೋಪಕ್ಕೆ ಹಳೆಯ ಕಾರಣವೊಂದಿದೆ. ನರ್ಸಿಂಗ್ ಓದುವಾಗ ಮುಟ್ಟಿನ ಹೊಟ್ಟೆನೋವಿಗೆ ನಾನು ಹಾಸ್ಟೆಲಿನ ಹಾಸಿಗೆಯಲ್ಲಿ ಮುದುಡಿ ಮಲಗುತ್ತಿದ್ದೆ. ವಾಂತಿ, ಭೇದಿ, ತಲೆನೋವು ಬೇರೆ. 'ಎಲ್ಲ ಮನಸ್ಸಿನದು, ಎದ್ದು ಓಡಾಡು' ಎಂದು ಹಿರಿಯರು ಗದರುತ್ತಿದ್ದರು. ಮುಟ್ಟಿನ ಸ್ರಾವದಲ್ಲಿ ಸ್ನಾಯುವನ್ನು ಹಿಂಡುವ ವಸ್ತು ಇದೆ ಎಂದು ಪಿಕಲ್ಸ್ ಎಂಬ ವಿಜ್ಞಾನಿ 1957ರಷ್ಟು ಹಿಂದೆಯೇ ಪ್ರಕಟಿಸಿದ್ದರು. ಅದರಲ್ಲಿ ಪ್ರೊಸ್ಟಗ್ಲಾಂಡಿನ್‌ಗಳಿವೆ ಎಂದು ಆಮೇಲೆ ಗೊತ್ತಾಯಿತು. ಗರ್ಭಕೋಶದ ಒಳಪದರ ಕಳಚುವಾಗ ಪ್ರೊಸ್ಟಗ್ಲಾಂಡಿನ್ ಎಫ್2 ಆಲ್ಫಾ ಬಿಡುಗಡೆಯಾಗುತ್ತದೆ. ಅದು ಗರ್ಭಕೋಶವನ್ನು ಹಿಂಡುತ್ತದೆ, ಹಿಂಡಿದಾಗ ರಕ್ತ ಕಡಿಮೆಯಾಗಿ ಸ್ನಾಯು ನೋಯುತ್ತದೆ. ಅದೇ ಗುಂಪಿನ ವಸ್ತುಗಳು ಕರುಳನ್ನೂ ಕೆರಳಿಸುತ್ತವೆ. ಹಾಗಾಗಿ ಭೇದಿ. ಮನಸ್ಸಿನದು ಅಂತೆ! ಬೇರೆ ತೊಂದರೆ ಇಲ್ಲದ ಹುಡುಗಿಯರಿಗೆ ಇಲ್ಲಿ ಕಾಕ್ಸ್ ತಡೆಯುವ ಮಾತ್ರೆ ನಿಜಕ್ಕೂ ಒಳ್ಳೆಯ ಮದ್ದು. ನೋವು ಮಿತಿಮೀರಿದ ಮೇಲೆ ನುಂಗುವುದಕ್ಕಿಂತ ಶುರುವಿನಲ್ಲೇ ತೆಗೆದುಕೊಂಡರೆ ಹೆಚ್ಚು ಕೆಲಸ ಮಾಡುತ್ತದೆ. ಪ್ರೊಸ್ಟಗ್ಲಾಂಡಿನ್ ತಯಾರಾದ ಮೇಲೆ ಮಾತ್ರೆ ಅದನ್ನು ಅಳಿಸುವುದಿಲ್ಲ, ಹೊಸದಾಗಿ ತಯಾರಾಗುವುದನ್ನು ತಡೆಯುತ್ತದೆ ಅಷ್ಟೇ.

ಗರ್ಭಕೋಶವನ್ನು ಹಿಂಡುವ ಆ ಗುಣವನ್ನೇ ಹೆರಿಗೆ ಕೋಣೆಯವರು ಬಳಸುತ್ತಾರೆ. ಗರ್ಭಕೊರಳು ಮೆತ್ತಗಾಗಲು ಇ2 ಜೆಲ್. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ ಕಾರ್ಬೊಪ್ರೋಸ್ಟ್ ಇಂಜೆಕ್ಷನ್, ಆಸ್ತಮಾ ಇರುವ ತಾಯಿಗೆ ಮಾತ್ರ ಅದು ಬೇಡ, ಶ್ವಾಸನಾಳವನ್ನೂ ಅದು ಬಿಗಿಯುತ್ತದೆ. ಮಿಸೊಪ್ರೊಸ್ಟಾಲ್ ಮಾತ್ರೆ ಬಂದದ್ದು ನೋವಿನ ಮಾತ್ರೆಯಿಂದಾಗುವ ಹೊಟ್ಟೆಹುಣ್ಣು ತಡೆಯಲು. ಹೆಸರು ಮಾಡಿದ್ದು ಹೆರಿಗೆಯ ರಕ್ತಸ್ರಾವ ನಿಲ್ಲಿಸುವುದರಲ್ಲಿ. ಗರ್ಭಿಣಿ ಹೊಟ್ಟೆಗೆಂದು ಅದನ್ನು ನುಂಗಿದರೆ ಗರ್ಭ ಹೋದೀತು.

ಗರ್ಭಿಣಿಯರ ವಿಷಯ ಬಂದದ್ದರಿಂದ ಇನ್ನೊಂದು ಮಾತು, ಇದು ನನ್ನ ವಾರ್ಡಿಗೆ ನೇರ ಸಂಬಂಧಿಸಿದ್ದು. ತಾಯಿ ನುಂಗಿದ ನೋವಿನ ಮಾತ್ರೆ ಮಗುವಿಗೂ ತಲುಪುತ್ತದೆ. ಕೊನೆಯ ತಿಂಗಳುಗಳಲ್ಲಿ ನುಂಗಿದರೆ ಹೊಟ್ಟೆಯಲ್ಲಿರುವಾಗಲೇ ಮಗುವಿನ ಅಡ್ಡನಾಳ ಕಿರಿದಾಗಬಹುದು. ಮಗುವಿನ ಕಿಡ್ನಿಯೂ ಮಂಕಾಗುತ್ತದೆ. ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ ಆದ್ದರಿಂದ ಆ ನೀರು ಕಡಿಮೆಯಾಗುತ್ತದೆ. 20 ವಾರ ಕಳೆದ ಮೇಲೆ ಈ ಮಾತ್ರೆಗಳು ಬೇಡ ಎಂದು ಅಮೆರಿಕದ ಔಷಧಿ ನಿಯಂತ್ರಕರು 2020ರಲ್ಲಿ ಎಚ್ಚರಿಸಿದರು. ವೈದ್ಯರೇ ಬರೆದುಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ ಬೇರೆ, ಅದನ್ನು ನಿಲ್ಲಿಸಬಾರದು.

ನೋವಿನ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಗಿದ್ದೇ ತಡವಾಗಿ. ಆಸ್ಪಿರಿನ್ ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಅದು ಪ್ರೊಸ್ಟಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆ ಎಂದು ಲಂಡನ್ನಿನಲ್ಲಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. 70 ವರ್ಷಕ್ಕೂ ಮೇಲೆ ಜನ ಕಾರಣ ತಿಳಿಯದೆ ನುಂಗಿದ್ದರು. ಸ್ವೀಡನ್ನಿನ ಬರ್ಗ್‌ಸ್ಟ್ರೋಮ್ ಮತ್ತು ಸ್ಯಾಮುಯೆಲ್ಸನ್ ಜೊತೆ ವೇನ್ ಅವರಿಗೆ 1982ರಲ್ಲಿ ನೊಬೆಲ್ ಬಂತು. ಕಾಕ್ಸ್‌ನಲ್ಲಿ ಎರಡು ಬಗೆ ಎಂದು 1990ರ ದಶಕದ ಮೊದಲಲ್ಲಿ ಸ್ಪಷ್ಟವಾಯಿತು. ಕಾಕ್ಸ್ ಒಂದು ಎಂಬುದು ಹೊಟ್ಟೆ, ರಕ್ತದ ಪ್ಲೇಟ್ಲೆಟ್ ಕಣ ಇತ್ಯಾದಿಗಳಲ್ಲಿ ಯಾವಾಗಲೂ ಇರುವಂಥದ್ದು. ಕಾಕ್ಸ್ ಎರಡು ಮುಖ್ಯವಾಗಿ ಉರಿಯೂತವಾದಾಗ ಏರುವಂಥದ್ದು. ಹಾಗಾದರೆ ಎರಡನೆಯದನ್ನು ಮಾತ್ರ ತಡೆಯೋಣ, ಹೊಟ್ಟೆ ಉಳಿಯುತ್ತದೆ ಎಂದು ಹೊಸ ಮಾತ್ರೆಗಳು ಬಂದವು. ರೋಫೆಕಾಕ್ಸಿಬ್ 1999ರಲ್ಲಿ ಬಂತು. ಹೊಟ್ಟೆಗೆ ಅದು ನಿಜಕ್ಕೂ ಹಿತವಾಗಿತ್ತು. ಆದರೆ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾದದ್ದು ಕಂಡು 2004ರಲ್ಲಿ ತಯಾರಕರೇ ವಾಪಸ್ ತೆಗೆದುಕೊಂಡರು.

ಯಾಕೆ ಹಾಗಾಯಿತು? ಪ್ಲೇಟ್ಲೆಟ್‌ಗಳು ಪ್ರೊಸ್ಟಗ್ಲಾಂಡಿನ್‌ನ ನಂಟಿನ ಥ್ರಾಂಬಾಕ್ಸೇನ್ ಎಂಬ ವಸ್ತುವನ್ನು ಬಿಡುತ್ತವೆ, ಅದು ರಕ್ತವನ್ನು ಹೆಪ್ಪುಗಟ್ಟಿಸಲು ನೋಡುತ್ತದೆ. ರಕ್ತನಾಳದ ಗೋಡೆ ಅದೇ ಬಳಗದ ಪ್ರೊಸ್ಟಾಸೈಕ್ಲಿನ್ ಬಿಡುತ್ತದೆ, ಅದು ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಮೊದಲನೆಯದು ಕಾಕ್ಸ್ ಒಂದರಿಂದ, ಎರಡನೆಯದು ಬಹುಮಟ್ಟಿಗೆ ಕಾಕ್ಸ್ ಎರಡರಿಂದ. ಕಾಕ್ಸ್ ಎರಡನ್ನು ಮಾತ್ರ ತಡೆದಾಗ ಹೆಪ್ಪುಗಟ್ಟಿಸುವ ಕೈ ಮೇಲಾಯಿತು. ಸಣ್ಣ ಪ್ರಮಾಣದ ಆಸ್ಪಿರಿನ್ ಮಾಡುವುದು ಇದರ ಉಲ್ಟಾ. ಪ್ಲೇಟ್ಲೆಟ್‌ನ ಕಾಕ್ಸ್ ಅನ್ನು ಶಾಶ್ವತವಾಗಿ ಕೆಡಿಸುತ್ತದೆ. ಪ್ಲೇಟ್ಲೆಟ್‌ಗೆ ಕೋಶಕೇಂದ್ರ ಇಲ್ಲ, ಹೊಸ ಕಿಣ್ವವನ್ನು ಸಾಕಷ್ಟು ಮಾಡಿಕೊಳ್ಳಲಾರದು. ಅದು ಬದುಕಿರುವ 7ರಿಂದ 10 ದಿನ ಹಾಗೇ ಇರುತ್ತದೆ. ಹೃದಯಕ್ಕೆಂದು ದಿನಾ ಆಸ್ಪಿರಿನ್ ನುಂಗುವವರು ಐಬುಪ್ರೊಫೆನ್ ಅನ್ನು ಮೊದಲು ನುಂಗಿದರೆ ಅದು ಆ ಜಾಗವನ್ನು ಹಿಡಿದು ಆಸ್ಪಿರಿನ್‌ಗೆ ಅಡ್ಡಿಮಾಡಬಹುದು. ಇದೂ ನಿಮ್ಮ ಓದುಗರಿಗೆ ಬೇಕಾದ ಮಾಹಿತಿಯೇ.

ಎಲ್ಲವನ್ನೂ ಬರೆಯಲು ಹೋದರೆ ನೀವು ಅಚ್ಚು ಹಾಕುವುದಿಲ್ಲ. ಆದರೂ ಇದೊಂದನ್ನು ಬಿಡಲಾರೆ. ನನಗೆ ಗ್ಲಾಕೋಮಾ ಇದೆ. ಪ್ರತಿ ರಾತ್ರಿ ಲ್ಯಾಟನೊಪ್ರೋಸ್ಟ್ ಹನಿ ಹಾಕಿಕೊಳ್ಳುತ್ತೇನೆ. ಅದೂ ಪ್ರೊಸ್ಟಗ್ಲಾಂಡಿನ್‌ನ ತದ್ರೂಪವೇ, ಕಣ್ಣಿನೊಳಗಿನ ನೀರು ಹೊರಹೋಗಲು ದಾರಿ ಮಾಡಿ ಒತ್ತಡ ಇಳಿಸುತ್ತದೆ. ಅಡ್ಡ ಪರಿಣಾಮವಾಗಿ ರೆಪ್ಪೆಗೂದಲು ಉದ್ದವಾಗಿ, ದಟ್ಟವಾಗಿ ಬೆಳೆದಿದೆ. ನಮ್ಮ ಅಕ್ಕನ ಮಗಳು ಆ ಬಾಟಲಿಯ ಮೇಲೆ ಕಣ್ಣಿಟ್ಟಿದ್ದಾಳೆ. ಕೊಡುವುದಿಲ್ಲ ಎಂದು ಹೇಳಿದ್ದೇನೆ.

ಈಗ ನನ್ನ ಬೇಡಿಕೆ. ಮುಂದಿನ ಆರೋಗ್ಯ ಪುಟದಲ್ಲಿ, ಅದೇ ಜಾಗದಲ್ಲಿ, ಅದೇ ಅಳತೆಯ ಒಂದು ಚೌಕಟ್ಟು ಹಾಕಿ. ಕಿಡ್ನಿ ತೊಂದರೆ ಇರುವವರು, ಒತ್ತಡಕ್ಕೂ ಮೂತ್ರಕ್ಕೂ ಮಾತ್ರೆ ನುಂಗುವವರು, ಹಿಂದೆ ಹೊಟ್ಟೆಹುಣ್ಣಾದವರು, ಹೃದಯಾಘಾತವಾದವರು, ಆಸ್ಪಿರಿನ್ ನುಂಗಿದರೆ ಉಸಿರು ಕಟ್ಟುವ ಆಸ್ತಮಾ ರೋಗಿಗಳು, ಗರ್ಭಿಣಿಯರು, ಇವರು ವೈದ್ಯರನ್ನು ಕೇಳದೆ ನೋವಿನ ಮಾತ್ರೆ ಶುರುಮಾಡಬಾರದು ಎಂದು ದಪ್ಪ ಅಕ್ಷರದಲ್ಲಿ ಬರಲಿ. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದಾಗ ಯಾರಿಗೂ ಬೇಡ ಎಂಬ ಸಾಲೂ ಇರಲಿ. ಬೇಕಾದರೆ ಬರೆದುಕೊಡಲು ನಾನು ಸಿದ್ಧ. ಅಚ್ಚಿಗೆ ಹೋಗುವ ಮುಂಚೆ ಒಬ್ಬ ಕಿಡ್ನಿ ತಜ್ಞರ ಕೈಲಿ ಓದಿಸಿ, ನನ್ನ ಮಾತನ್ನೂ ಸುಮ್ನೆ ನಂಬಬೇಡಿ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ನಿವೃತ್ತ ನರ್ಸ್